ಕೊನೆಯ ಹದಿನೈದು ಪೆಲೆಟ್

ಬೆಂಗಳೂರಿನಿಂದ ಹೊರಟ ಪಾವಗಡದ ಬಸ್ಸು ಕೊರಟಗೆರೆ ದಾಟುವವರೆಗೂ ನನ್ನ ತಂಗಿ ಒಂದು ಮಾತೂ ಆಡಲಿಲ್ಲ. ತೊಡೆಯ ಮೇಲೆ ಉದ್ದನೆಯ ರೈಫಲ್ ಪೆಟ್ಟಿಗೆ, ಅದರ ಮೇಲೆ ನಾಲ್ಕು ಮಡಿಕೆ ಮಾಡಿದ ಸ್ಕೋರ್ ಶೀಟ್. ಮಧುಗಿರಿಯ ಏಕಶಿಲಾ ಬೆಟ್ಟ ಕಿಟಕಿಯಲ್ಲಿ ಕಾಣಿಸಿದಾಗ, ‘ಅಣ್ಣಾ, ಇದನ್ನ ಮಾರಿಬಿಡೋಣ. ಕೊನೇಲಿ ನನ್ನ ಕೈ ಸೋಲುತ್ತೆ’ ಅಂದಳು. ಇಲ್ಲ ಕಣೇ ಅನ್ನಬೇಕಿತ್ತು ನಾನು. ‘ನೀನು ಉಸಿರಾಟದ ಎಕ್ಸರ್‌ಸೈಜ್ ಸರಿಯಾಗಿ ಮಾಡ್ತಿಲ್ಲ’ ಅಂದುಬಿಟ್ಟೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು.

ಅವಳು ನನ್ನ ಚಿಕ್ಕಪ್ಪನ ಮಗಳು. ಪಾವಗಡದಲ್ಲಿ ಪಿಯುಸಿ ಓದುತ್ತಿದ್ದಾಳೆ. ಎನ್‌ಸಿಸಿ ಕ್ಯಾಂಪಿನಲ್ಲಿ ಮೊದಲ ಸಲ ರೈಫಲ್ ಹಿಡಿದು, ಐದು ಗುಂಡನ್ನೂ ಒಂದು ರೂಪಾಯಿ ನಾಣ್ಯದೊಳಗೆ ಮುಚ್ಚಬಹುದಾದಷ್ಟು ಹತ್ತಿರ ಹೊಡೆದಳಂತೆ. ಅವತ್ತಿನಿಂದ ಹಿಡಿದ ಹುಚ್ಚು. ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುವ ಚಿಕ್ಕಪ್ಪ ಸಾಲ ಮಾಡಿ ಒಂದು ಸೆಕೆಂಡ್ ಹ್ಯಾಂಡ್ 10 ಮೀಟರ್ ಮ್ಯಾಚ್ ರೈಫಲ್ ಕೊಡಿಸಿದರು. ಜೊತೆಗೆ ಸೈಕಲ್ ಪಂಪಿನ ಅಣ್ಣನಂತಿರುವ ಒಂದು ಕೈಪಂಪು. ಮನೆಯ ಹಿಂದಿನ ಉದ್ದನೆಯ ದನದ ಕೊಟ್ಟಿಗೆಯೇ ಅವಳ ರೇಂಜ್. ಗುರಿಯ ಹಿಂದೆ ಮರಳಿನ ಮೂಟೆ, ಅದರ ಹಿಂದೆ ಕಲ್ಲಿನ ಗೋಡೆ.

ನಮ್ಮ ಕಡೆ ಏರ್ ರೈಫಲ್ ಅಂದರೆ ಮೊದಲು ಕೇಳುವುದು ‘ಏನ್ ಹೊಡೀತೀರ?’ ಅಂತಲೇ. ‘ನವಿಲಾ?’ ‘ಕೊಕ್ಕರೇನಾ?’ ನಮ್ಮ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗೆಂದೇ ಮೀಸಲಾದ ಜಯಮಂಗಲಿ ಸಂರಕ್ಷಣಾ ಪ್ರದೇಶವಿದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆ ಮರಗಳಲ್ಲಿ ಕೊಕ್ಕರೆಗಳು ಗೂಡು ಕಟ್ಟಿದರೆ ಊರಿನವರೇ ಕಾವಲು ನಿಲ್ಲುತ್ತಾರೆ. ಅಂಥ ಸೀಮೆಯಲ್ಲಿ ಈ ಪ್ರಶ್ನೆ ಕೇಳುವವರದ್ದು ತಪ್ಪೇನಿಲ್ಲ. ತಂಗಿ ಮಾತ್ರ ಪ್ರತಿ ಸಲವೂ ತಾಳ್ಮೆಯಿಂದ ಪೇಪರ್ ಟಾರ್ಗೆಟ್ ತೋರಿಸುತ್ತಾಳೆ. ಕಾನೂನಿನ ವಿಷಯವನ್ನೂ ಹೇಳಿಬಿಡುತ್ತೇನೆ. 2016ರ ಆರ್ಮ್ಸ್ ರೂಲ್ಸ್ ಪ್ರಕಾರ 4.5 ಮಿಲಿಮೀಟರ್ ಬೋರ್ ಮತ್ತು 20 ಜೌಲ್ ಶಕ್ತಿ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. ನಮ್ಮದು ಎಂಟು ಜೌಲ್ ಸಹ ಇಲ್ಲ. ಆದರೆ ಅದರಲ್ಲಿ ಕಾಡುಪ್ರಾಣಿ, ಪಕ್ಷಿಗಳಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಕಾಯ್ದೆ ಕಾದಿರುತ್ತದೆ.

10 ಮೀಟರ್ ಸ್ಪರ್ಧೆಯ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ. ಗುರಿಯ ನಡುವಿನ ಹತ್ತರ ಚುಕ್ಕೆಯ ಅಗಲ ಬರೀ ಅರ್ಧ ಮಿಲಿಮೀಟರ್. ಹೆಚ್ಚುಕಮ್ಮಿ ಪೆನ್ನಿನ ಒಂದು ಚುಕ್ಕಿ. ಸರಿಯಾಗಿ ಮಧ್ಯಕ್ಕೆ ಬಿದ್ದರೆ 10.9. ಮಧ್ಯದಿಂದ ಪ್ರತಿ ಕಾಲು ಮಿಲಿಮೀಟರ್ ದೂರಕ್ಕೂ 0.1 ಅಂಕ ಹೋಗುತ್ತದೆ. ಅರವತ್ತು ಪೆಲೆಟ್, ಎಪ್ಪತ್ತೈದು ನಿಮಿಷ. ಅದಕ್ಕೂ ಮೊದಲು ಹದಿನೈದು ನಿಮಿಷ ಎಷ್ಟು ಬೇಕಾದರೂ ಸೈಟರ್, ಅಂದರೆ ಲೆಕ್ಕಕ್ಕಿಲ್ಲದ ಅಭ್ಯಾಸದ ಹೊಡೆತ. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಇದೇ 10 ಮೀಟರ್ ಏರ್ ರೈಫಲ್‌ನಲ್ಲಿ. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ 2023ರಲ್ಲಿ ಕೊರಿಯಾದ ಚಾಂಗ್ವಾನ್‌ನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಬೆಳ್ಳಿ ಗೆದ್ದದ್ದೂ ಇದರಲ್ಲೇ. ಆ ಹುಡುಗಿಯ ಫೋಟೊ ನನ್ನ ತಂಗಿಯ ಕೋಣೆಯ ಗೋಡೆಯಲ್ಲಿದೆ.

ಈಗ ರೈಫಲ್ ಒಳಗೆ ಏನಾಗುತ್ತದೆ ನೋಡಿ. ನಳಿಗೆಯ ಕೆಳಗಿನ ಸಣ್ಣ ಸಿಲಿಂಡರಿನಲ್ಲಿ 200 ಬಾರ್‌ವರೆಗೆ ಗಾಳಿ ತುಂಬಬಹುದು. ಟ್ರಿಗರ್ ಒತ್ತಿದಾಗ ಪುಟ್ಟ ಸುತ್ತಿಗೆ ವಾಲ್ವಿಗೆ ಬಡಿಯುತ್ತದೆ, ವಾಲ್ವ್ ಕ್ಷಣಮಾತ್ರ ತೆರೆದು ಮುಚ್ಚುತ್ತದೆ, ಅಷ್ಟು ಗಾಳಿ ಪೆಲೆಟ್ ಅನ್ನು ತಳ್ಳುತ್ತದೆ. ಸಿಲಿಂಡರ್ ನೇರವಾಗಿ ವಾಲ್ವಿಗೇ ಸೇರಿದ್ದರೆ ತೊಂದರೆ. ತುಂಬಿದ ಹೊಸತರಲ್ಲಿ ಒತ್ತಡ ವಾಲ್ವನ್ನು ಗಟ್ಟಿಯಾಗಿ ಅದುಮಿ ಹಿಡಿದಿರುತ್ತದೆ, ಸುತ್ತಿಗೆಗೆ ಪೂರ್ತಿ ತೆರೆಯಲು ಆಗುವುದಿಲ್ಲ, ವೇಗ ಕಡಿಮೆ. ಒತ್ತಡ ಇಳಿಯುತ್ತಾ ವೇಗ ಏರುತ್ತದೆ, ಆಮೇಲೆ ಗಾಳಿಯೇ ಸಾಲದೆ ಮತ್ತೆ ಇಳಿಯುತ್ತದೆ. ಗ್ರಾಫ್ ಬರೆದರೆ ಬೆಟ್ಟದ ಆಕಾರ. ಅದನ್ನು ಬಯಲು ಮಾಡುವುದೇ ರೆಗ್ಯುಲೇಟರ್. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಕೂತಿರುತ್ತದಲ್ಲ, ಅದರದ್ದೇ ಜಾತಿ. ರೈಫಲ್‌ನಲ್ಲಿ ತಟ್ಟೆಯಂತೆ ಬಾಗಿದ ಪುಟ್ಟ ವಾಷರ್‌ಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ನಡುವೆ ಒಂದು ಪಿಸ್ಟನ್. ಆಚೆಯ ಕೋಣೆಯಲ್ಲಿ ನಿಗದಿತ ಒತ್ತಡ ಬಂದ ಕೂಡಲೇ ಪಿಸ್ಟನ್ ವಾಷರ್‌ಗಳನ್ನು ಅದುಮಿ ತಾನೇ ಬಾಗಿಲು ಹಾಕಿಕೊಳ್ಳುತ್ತದೆ. ಸಿಲಿಂಡರಿನಲ್ಲಿ 200 ಇರಲಿ, 120 ಇರಲಿ, ವಾಲ್ವಿಗೆ ಸಿಗುವುದು ಮಾತ್ರ ನಮ್ಮ ರೈಫಲ್‌ನಲ್ಲಿ 70 ಬಾರ್.

ಆದರೆ ಸಿಲಿಂಡರಿನಲ್ಲೇ 70ಕ್ಕಿಂತ ಕಡಿಮೆಯಾದರೆ? ರೆಗ್ಯುಲೇಟರ್ ಬಾಗಿಲು ಹಾರು ಹೊಡೆದುಕೊಂಡು ಸುಮ್ಮನೆ ಕೂರುತ್ತದೆ. ಇಷ್ಟು ದಿನ ಸಮವಾಗಿದ್ದ ವೇಗ ಪ್ರತಿ ಹೊಡೆತಕ್ಕೂ ಇಳಿಯುತ್ತದೆ. ಈ ಒಂದು ಸಾಲು ಮೊದಲೇ ಹೊಳೆದಿದ್ದರೆ ಬಸ್ಸಿನಲ್ಲಿ ಆ ಮಾತು ಆಡುತ್ತಿರಲಿಲ್ಲ.

ತುಂಬುವುದೇ ನಮಗೆ ದೊಡ್ಡ ಕಥೆ. ಬೆಂಗಳೂರಿನ ಶೂಟರ್‌ಗಳಿಗೆ ಕಂಪ್ರೆಸರ್ ಇದೆ, ಸ್ಕೂಬಾ ಸಿಲಿಂಡರ್ ಇದೆ. ನಾಲ್ಕು ತಾಲ್ಲೂಕು ಸುತ್ತಿದರೂ ನಮಗೆ ಅದು ಸಿಗಲಿಲ್ಲ. ಮೊದಲು ಮಧುಗಿರಿಯಲ್ಲಿ ಪರಿಚಯದ ಪಂಕ್ಚರ್ ಅಂಗಡಿಗೆ ಹೋದೆ. ‘ಎಷ್ಟು ಬೇಕು?’ ಅಂದರು. ‘200 ಬಾರ್, ಅಂದ್ರೆ 2,900 ಪಿಎಸ್‌ಐ’ ಅಂದೆ. ಅವರು ಬೀಡಿ ಕೆಳಗಿಟ್ಟು, ‘ಲಾರಿ ಟೈರ್‌ಗೇ 120 ಹಾಕೋದು ಕಣಪ್ಪ. ನೀನು ಊರು ಹಾರಿಸ್ತೀಯಾ?’ ಎಂದು ನಕ್ಕರು. ಕೊರಟಗೆರೆಯಲ್ಲಿ ಜೆಸಿಬಿ ಬಿಡಿಭಾಗಗಳ ಅಂಗಡಿ ಇಟ್ಟಿರುವ ಗೆಳೆಯನ ಅಪ್ಪನಿಗೆ ಮಾತ್ರ ಈ ಸಂಖ್ಯೆ ಹೊಸದಾಗಿರಲಿಲ್ಲ. ‘ಜೆಸಿಬಿ ತೋಳಲ್ಲಿ ಇದಕ್ಕಿಂತ ಜಾಸ್ತಿ ಇರುತ್ತೆ. ಆದ್ರೆ ಅದು ಎಣ್ಣೆ. ಎಣ್ಣೆ ಪೈಪ್ ಒಡೆದ್ರೆ ಚಿಮ್ಮುತ್ತೆ, ಗಾಳಿ ಒಡೆದ್ರೆ ಸಿಡಿಯುತ್ತೆ’ ಅಂದರು. ಪಂಪಿನ ಸವೆದ ಓ-ರಿಂಗ್‌ಗೆ ಬದಲಿ ಸಿಕ್ಕಿದ್ದು ಅವರ ಡಬ್ಬಿಯಲ್ಲೇ. ಟ್ಯಾಪಿಗೆ ಹಾಕುವ ಮೆತ್ತನೆಯದಲ್ಲ, ಹೈಡ್ರಾಲಿಕ್‌ಗೆ ಹಾಕುವ ಗಟ್ಟಿ ರಬ್ಬರಿನದು.

ಶಿರಾದಲ್ಲಿ ನಡೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯುತ್ತೇನೆ, ಯಾಕೆಂದರೆ ನನ್ನಂಥ ಇನ್ನೊಬ್ಬ ಅರೆಬರೆ ಎಂಜಿನಿಯರ್‌ಗೂ ಇದೇ ಐಡಿಯಾ ಬರಬಹುದು. ಅಲ್ಲೊಂದು ವೆಲ್ಡಿಂಗ್ ಶಾಪಿನ ಮುಂದೆ ಕಪ್ಪು ಬಣ್ಣದ ಆಕ್ಸಿಜನ್ ಸಿಲಿಂಡರ್ ನಿಂತಿತ್ತು. ತುಂಬಿದ್ದಾಗ ಅದರಲ್ಲಿ ಸುಮಾರು 150 ಬಾರ್ ಇರುತ್ತದೆ. ‘ಆಹಾ, ಕೈಪಂಪಿನ ಗೋಳೇ ಬೇಡ’ ಅಂದುಕೊಂಡು, ಪೈಪು ಅಡಾಪ್ಟರ್ ಎಲ್ಲ ಹಿಡಿದುಕೊಂಡೇ ಹೋಗಿ ಕೇಳಿದೆ. ವೆಲ್ಡರ್ ಅಣ್ಣ ಒಮ್ಮೆ ರೈಫಲ್ ಸಿಲಿಂಡರ್ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ತಮ್ಮ ಗೇಜ್ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ‘ಯೂಸ್ ನೋ ಆಯಿಲ್’ ಎಂಬುದರ ಮೇಲೆ ಬೆರಳಿಟ್ಟು, ‘ಇದನ್ನ ಓದೋಕೆ ಬರುತ್ತಾ?’ ಅಂದರು.

ಒತ್ತಡದ ಆಕ್ಸಿಜನ್‌ಗೆ ಒಂದು ತೊಟ್ಟು ಗ್ರೀಸ್ ಸಿಕ್ಕರೂ ಬೆಂಕಿ ಹೊತ್ತಿ ಸಿಡಿಯಬಹುದು. ರೈಫಲ್‌ನ ವಾಲ್ವ್, ಸೀಲುಗಳಲ್ಲಿ ಗ್ರೀಸ್ ಇದ್ದೇ ಇರುತ್ತದೆ. ಅದು ಸಿಡಿಯುವಾಗ ತಂಗಿಯ ಕೆನ್ನೆ ಅದರಿಂದ ಒಂದು ಗೇಣು ದೂರದಲ್ಲಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದೇನಲ್ಲ, ಫಸ್ಟ್ ಇಯರ್ ವರ್ಕ್‌ಶಾಪ್ ಲ್ಯಾಬಿನ ರೆಕಾರ್ಡ್ ಬುಕ್ಕಿನಲ್ಲಿ ನಾನೇ ಕೈಯಾರೆ ಬರೆದಿದ್ದೆ. ಬರೆದು ಸಹಿ ಹಾಕಿಸಿಕೊಂಡಿದ್ದೆ, ಅಷ್ಟೇ. ಆ ಅಣ್ಣ ಟೀ ಕುಡಿಸಿ ಕಳಿಸಿದರು. ಮನೆಗೆ ಬರುವವರೆಗೂ ಕೈ ನಡುಗುತ್ತಿತ್ತು.

ಹಾಗಾಗಿ ಕೈಪಂಪೇ ಗತಿ. ಪೂರ್ತಿ 200ಕ್ಕೆ ತುಂಬಬೇಕೆಂದರೆ ನೂರಾರು ಸಲ ಎತ್ತಿ ಅದುಮಬೇಕು, ಒತ್ತಡ ಏರಿದಂತೆ ಇಡೀ ಮೈಭಾರ ಹಾಕಬೇಕು. ಮಾರಿದವರು ‘ನೂರಕ್ಕೆ ತುಂಬಿದ್ರೆ ಒಂದು ಮ್ಯಾಚ್ ಆರಾಮಾಗಿ ಆಗುತ್ತೆ’ ಎಂದಿದ್ದರಂತೆ. ತಂಗಿಯೂ ಗೇಜ್ ಮುಳ್ಳು 100 ಮುಟ್ಟಿದ ಕೂಡಲೇ ನಿಲ್ಲಿಸುತ್ತಿದ್ದಳು. ಲೆಕ್ಕ ಸರಿಯಾಗಿಯೇ ಇದೆ. ಈ ಸಿಲಿಂಡರ್ 200ರಿಂದ 70ಕ್ಕೆ ಇಳಿಯುವಷ್ಟರಲ್ಲಿ ಸುಮಾರು 350 ಹೊಡೆತ ಕೊಡುತ್ತದೆ. ಅಂದರೆ ಒಂದು ಪೆಲೆಟ್‌ಗೆ 0.37 ಬಾರ್. 100ರಿಂದ 70ರವರೆಗಿನ 30 ಬಾರ್‌ನಲ್ಲಿ 81 ಪೆಲೆಟ್. ಇಪ್ಪತ್ತು ಸೈಟರ್, ಅರವತ್ತು ಸ್ಪರ್ಧೆಯವು, ಒಂದು ಉಳಿಯುತ್ತದೆ!

ಆ ಸ್ಕೋರ್ ಶೀಟನ್ನು ನಾನು ಸುಮಾರು ದಿನ ಸರಿಯಾಗಿ ನೋಡಿರಲೇ ಇಲ್ಲ, ಬರೀ ಅಂಕ ನೋಡಿದ್ದೆ. ಸೆಮಿಸ್ಟರ್ ರಜೆಯಲ್ಲಿ ಪಾವಗಡಕ್ಕೆ ಹೋದಾಗ ಅದು ಅವಳ ಫಿಸಿಕ್ಸ್ ಪುಸ್ತಕದ ನಡುವೆ ಸಿಕ್ಕಿತು. ಹತ್ತತ್ತು ಹೊಡೆತದ ಆರು ಚಿತ್ರ. ಮೊದಲ ನಾಲ್ಕರಲ್ಲಿ ಚುಕ್ಕಿಗಳು ಮಧ್ಯದ ಸುತ್ತ ಗುಂಪಾಗಿವೆ. ಐದನೆಯದರ ಅರ್ಧದಿಂದ ಗುಂಪು ಕೆಳಗೆ ಜಾರಿದೆ. ಜಾರಿದೆ ಅಷ್ಟೇ, ಚದುರಿಲ್ಲ. ಕೈ ಸೋತವರ ಹೊಡೆತ ನಾಲ್ಕು ದಿಕ್ಕಿಗೂ ಹೋಗಬೇಕಲ್ಲ? ಇಲ್ಲಿ ಎಡಬಲ ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಕೊನೆಯಲ್ಲಿ ಎರಡು ಹೊಡೆತ ಮಾತ್ರ ಮೇಲಕ್ಕೆ ಹೋಗಿದ್ದವು. ‘ಅದು ನಾನು ಸೈಟ್ ಎರಡು ಕ್ಲಿಕ್ ಏರಿಸಿದ್ದು, ಆಮೇಲೆ ಹೆದರಿ ಇಳಿಸಿದೆ’ ಅಂದಳು.

‘ಅವತ್ತು ಗಾಳಿ ಯಾವಾಗ ತುಂಬಿದ್ದೆ?’ ಅಂತ ಕೇಳಿದೆ.

‘ಹಿಂದಿನ ದಿನ ಮಧ್ಯಾಹ್ನ. ತಾರಸಿ ಮೇಲೆ.’

ಪಾವಗಡದ ಮಧ್ಯಾಹ್ನ, ತಾರಸಿ! ಬಿಸಿಲಿಗೆಂದೇ ಸಾವಿರಾರು ಎಕರೆ ಸೋಲಾರ್ ಫಲಕ ಹಾಸಿರುವ ತಾಲ್ಲೂಕು. ಗಾಳಿಯನ್ನು ಅದುಮಿದರೆ ಅದು ಬಿಸಿಯಾಗುತ್ತದೆ ಎಂಬುದು ಸೈಕಲ್ ಪಂಪು ಮುಟ್ಟಿದವರಿಗೆಲ್ಲ ಗೊತ್ತು. ಬಿಸಿಲಿನ ಜೊತೆ ಸೇರಿ ಸಿಲಿಂಡರ್ 40 ಡಿಗ್ರಿ ಇತ್ತು ಎಂದುಕೊಳ್ಳೋಣ. ಮರುದಿನ ಬೆಂಗಳೂರಿನ ಎಸಿ ರೇಂಜಿನಲ್ಲಿ 20 ಡಿಗ್ರಿ. ಕೆಲ್ವಿನ್ ಲೆಕ್ಕದಲ್ಲಿ 313ರಿಂದ 293. ಹೊರಗೆ ಒಂದು ತೊಟ್ಟೂ ಸೋರದೆ 100 ಬಾರ್ ಅನ್ನೋದು 94ಕ್ಕಿಂತ ಚೂರು ಕೆಳಗೆ ಇಳಿದಿರುತ್ತದೆ. ಉಳಿದ 24 ಬಾರ್‌ಗೆ 65 ಪೆಲೆಟ್. ಇಪ್ಪತ್ತು ಸೈಟರ್ ಕಳೆದರೆ ನಲವತ್ತೈದು. ಆಮೇಲಿನ ಹದಿನೈದು ಪೆಲೆಟ್ ರೆಗ್ಯುಲೇಟರ್ ಕೈಬಿಟ್ಟ ಮೇಲೆ ಹೊಡೆದವು.

ಪಿಯುಸಿ ಫಿಸಿಕ್ಸ್ ಪುಸ್ತಕದೊಳಗೇ ಆ ಹಾಳೆ ಇತ್ತು. ಅದೇ ಪುಸ್ತಕದಲ್ಲಿ ಆ ನಿಯಮವೂ ಇತ್ತು.

ಆದರೂ ಹೇಳಿದ್ದು ನಿಜವೆಂದು ತೋರಿಸಬೇಕಲ್ಲ. ಕಾಲೇಜಿನಲ್ಲಿ ಮಿನಿ ಪ್ರಾಜೆಕ್ಟ್‌ಗೆ ಹೇಗೂ ಒಂದು ವಿಷಯ ಬೇಕಿತ್ತು. ಪಿವಿಸಿ ಪೈಪಿಗೆ 30 ಸೆಂಟಿಮೀಟರ್ ಅಂತರದಲ್ಲಿ ಎರಡು ಇನ್‌ಫ್ರಾರೆಡ್ ಸೆನ್ಸರ್, ಒಂದು ಆರ್ಡುಯಿನೊ ಬೋರ್ಡ್. ಪೆಲೆಟ್ ಮೊದಲ ಕಿರಣ ಕಡಿದಾಗ ಗಡಿಯಾರ ಶುರು, ಎರಡನೆಯದು ಕಡಿದಾಗ ಬಂದ್. ಸೆಕೆಂಡಿಗೆ 172 ಮೀಟರ್ ವೇಗದ ಪೆಲೆಟ್ ಆ ಅಂತರ ದಾಟಲು 1.74 ಮಿಲಿಸೆಕೆಂಡ್ ಸಾಕು. ಬೋರ್ಡಿನ ಗಡಿಯಾರ ನಾಲ್ಕು ಮೈಕ್ರೊಸೆಕೆಂಡಿಗೊಮ್ಮೆ ಟಿಕ್ ಅನ್ನುವುದರಿಂದ ತಪ್ಪು ಅರ್ಧ ಮೀಟರಿನೊಳಗೇ ಇರುತ್ತದೆ. ಮೊದಲ ದಿನ ಕೊಟ್ಟಿಗೆಯ ಬಿಸಿಲಿನ ಕಿಂಡಿಯಿಂದಾಗಿ ಪೆಲೆಟ್ ವಿಮಾನಕ್ಕಿಂತ ಜೋರಾಗಿ ಹೋಗುತ್ತಿದೆ ಎಂದು ತೋರಿಸಿತು. ಕಿಂಡಿಗೆ ಗೋಣಿಚೀಲ ಕಟ್ಟಿದ ಮೇಲೆ ಸರಿಹೋಯಿತು.

ಅಂದು ಬೇಕೆಂದೇ 94ರಿಂದ ಶುರುಮಾಡಿ ಎಂಬತ್ತು ಹೊಡೆಸಿದೆ. ಅರವತ್ತರ ಆಸುಪಾಸಿನವರೆಗೆ ವೇಗ 172ರ ಹಿಂದೆಮುಂದೆ ಒಂದು ಮೀಟರ್. ಆಮೇಲೆ ಇಳಿಯಲು ಹಿಡಿದದ್ದು ಎಂಬತ್ತನೆಯದಕ್ಕೆ 165ಕ್ಕೆ ಬಂತು. ಪೆಲೆಟ್ ಹತ್ತು ಮೀಟರ್ ಸಾಗುವಷ್ಟರಲ್ಲಿ ಗುರುತ್ವಕ್ಕೆ ಸಿಕ್ಕಿ ಹದಿನೇಳು ಮಿಲಿಮೀಟರಿನಷ್ಟು ಬೀಳುತ್ತದೆ, ಸೈಟ್ ಅದಕ್ಕೆ ಹೊಂದಿಸಿರುತ್ತದೆ. ವೇಗ ಏಳು ಮೀಟರ್ ಕಡಿಮೆಯಾದರೆ ಇನ್ನೂ 1.4 ಮಿಲಿಮೀಟರ್ ಹೆಚ್ಚಿಗೆ ಬೀಳುತ್ತದೆ. 10.9 ಆಗಬೇಕಾದ್ದು 10.4. ತಂಗಿ ಲ್ಯಾಪ್‌ಟಾಪ್ ಪರದೆಯನ್ನೇ ನೋಡುತ್ತಾ ಕೂತಿದ್ದಳು. ‘ಅಂದ್ರೆ ನಾನು ಸೋತಿರಲಿಲ್ವಾ?’ ಅಂದಳು. ಒಳಗಿನಿಂದ ಚಿಕ್ಕಮ್ಮ ‘ಊಟಕ್ಕೆ ಬರ್ರೋ’ ಎಂದು ಮೂರನೇ ಸಲ ಕೂಗಿದರು.

ಯಂತ್ರ ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟಿತು. ಊಟ ಮುಗಿಸಿ ಬಂದು ಹೊಡೆದ ಮೊದಲ ಪೆಲೆಟ್ ಉಳಿದವಕ್ಕಿಂತ ಸ್ವಲ್ಪ ಜೋರು. ಎರಡನೆಯದಕ್ಕೆ ಮತ್ತೆ ಸರಿ. ಇದಕ್ಕೆ ಕ್ರೀಪ್ ಅನ್ನುತ್ತಾರೆ. ರೆಗ್ಯುಲೇಟರಿನ ಬಾಗಿಲು ಪೂರ್ತಿ ಕೂರದೆ, ಸುಮ್ಮನಿದ್ದಷ್ಟು ಹೊತ್ತೂ ಸಿಲಿಂಡರಿನ ಗಾಳಿ ಎಳೆಎಳೆಯಾಗಿ ಒಳಗೆ ಜಿನುಗಿ, 70 ಇರಬೇಕಾದಲ್ಲಿ ಎರಡು ಮೂರು ಬಾರ್ ಹೆಚ್ಚಾಗಿರುತ್ತದೆ. ಸೀಟಿಗೆ ಕಸವೋ ನೀರೋ ಸೇರಿದರೆ ಹೀಗಾಗುತ್ತದೆ.

ನೀರು ಎಲ್ಲಿಂದ ಅಂತೀರಾ? ಗಾಳಿಯಿಂದಲೇ. ನಮ್ಮ ಸಿಲಿಂಡರ್ 200 ಮಿಲಿಲೀಟರ್. 200 ಬಾರ್‌ಗೆ ತುಂಬಿದರೆ ಅದರಲ್ಲಿ ಹೊರಗಿನ ನಲವತ್ತು ಲೀಟರ್ ಗಾಳಿ ತುರುಕಿದಂತೆ. ಮಧುಗಿರಿಯ ಮಳೆಗಾಲದ ಗಾಳಿಯಾದರೆ ಆ ನಲವತ್ತು ಲೀಟರಿನಲ್ಲಿ ಮುಕ್ಕಾಲು ಗ್ರಾಂ ಮೀರಿ ನೀರಾವಿ ಇರುತ್ತದೆ. ಅದುಮಿದ ಪುಟ್ಟ ಜಾಗದಲ್ಲಿ ಆವಿಯಾಗಿ ಉಳಿಯುವುದು ಅದರ ಒಂದು ಚೂರು ಮಾತ್ರ, ಮಿಕ್ಕಿದ್ದೆಲ್ಲ ಹನಿ. ಸುಮಾರು ಹದಿನೈದು ಹನಿ! ಪಂಪಿನ ಬುಡದಲ್ಲಿ ಒಂದಷ್ಟು ನಿಲ್ಲುತ್ತದೆ, ತಿರುಪು ಸಡಿಲಿಸಿ ‘ಪುಸ್’ ಅನ್ನಿಸಿ ಹೊರಹಾಕದಿದ್ದರೆ ಒಳಗೆ ಹೋಗುತ್ತದೆ. ಪಾವಗಡದ ಬೇಸಿಗೆ ಮಧ್ಯಾಹ್ನದ ಒಣ ಗಾಳಿಯಲ್ಲಿ ನೀರು ಇದರ ಅರ್ಧಕ್ಕಿಂತ ಕಡಿಮೆ. ಬರದ ಸೀಮೆ ಎಂದು ಬೈಸಿಕೊಳ್ಳುವ ಊರಿಗೂ ಒಂದು ಮರ್ಯಾದೆ ಸಿಕ್ಕಿತು ಅನ್ನಿ. ಆದರೆ ಗಾಳಿ ಒಣಗಿರುವ ಹೊತ್ತಿನಲ್ಲೇ ಸಿಲಿಂಡರ್ ಕಾದಿರುತ್ತದೆ. ತಣ್ಣಗಿರುವ ಹೊತ್ತಿನಲ್ಲಿ ಗಾಳಿಗೆ ತೇವ ಜಾಸ್ತಿ.

ಇದಕ್ಕೆ ತಂಗಿಯೇ ದಾರಿ ಹುಡುಕಿದಳು. ಮಧ್ಯಾಹ್ನ ತಾರಸಿ ಬಿಟ್ಟು ಪಡಸಾಲೆಯ ನೆರಳಲ್ಲಿ ಪಂಪು. ಐವತ್ತು ಸಲ ಅದುಮಿದ ಮೇಲೆ ನೀರು ಬಿಟ್ಟು ಹದಿನೈದು ನಿಮಿಷ ಬಿಡುವು. ಮೂರು ದಿನಕ್ಕೆ ಹಂಚಿ 160ರವರೆಗೆ. ಪಂಪಿನ ಗಾಳಿ ಎಳೆಯುವ ಬಾಯಿಗೆ ಸಿಲಿಕಾ ಜೆಲ್ ತುಂಬಿದ ಒಂದು ಕೊಳವೆ. ಬೆಳಗ್ಗೆ ತಣ್ಣಗಾದ ಮೇಲೆ ಗೇಜ್ ಓದಿ ನೋಟ್‌ಬುಕ್ಕಿನಲ್ಲಿ ಬರೆಯುವುದು, ಆ ಅಂಕಿಯೇ ಲೆಕ್ಕಕ್ಕೆ. ರೆಗ್ಯುಲೇಟರ್ ಬಿಚ್ಚಿ ನೋಡಲು ನನ್ನ ಕೈ ತುರಿಸುತ್ತಿತ್ತು. ಶಿರಾದ ಗೇಜ್ ನೆನಪಾಗಿ ಸುಮ್ಮನಾದೆ. ಅದನ್ನು ಬೆಂಗಳೂರಿಗೆ ಸರ್ವಿಸಿಗೆ ಕಳಿಸಿದೆವು. ಸಿಲಿಂಡರಿನ ಮೇಲೆ ಕೆತ್ತಿದ ತಯಾರಿಕೆಯ ದಿನಾಂಕವನ್ನೂ ಆಗಲೇ ಮೊದಲ ಸಲ ಓದಿದ್ದು. ಅವಧಿ ಮುಗಿಯದ ಸಿಲಿಂಡರ್ ಇಟ್ಟುಕೊಳ್ಳುವುದು ಸ್ಪರ್ಧಿಯದೇ ಜವಾಬ್ದಾರಿ ಎನ್ನುತ್ತದೆ ಅಂತರರಾಷ್ಟ್ರೀಯ ನಿಯಮ. ನಮ್ಮದಕ್ಕೆ ಇನ್ನೆರಡು ವರ್ಷವಿದೆ. ಹೊಸದಕ್ಕೆ ಚಿಕ್ಕಪ್ಪ ಈಗಿನಿಂದಲೇ ಚೀಟಿ ಕಟ್ಟುತ್ತಿದ್ದಾರೆ.

ಕಳೆದ ತಿಂಗಳು ಮತ್ತೆ ಬೆಂಗಳೂರಿಗೆ ಹೋಗಿದ್ದೆವು. ನಾನು ಗಾಜಿನ ಹಿಂದೆ ನಿಂತು ನಲವತ್ತೈದರಿಂದ ಎಣಿಸತೊಡಗಿದೆ. ನಲವತ್ತಾರು, 10.4. ನಲವತ್ತೇಳು, 10.6. ಐವತ್ತೆರಡು, 10.2. ಗುಂಪು ಕೆಳಗೆ ಜಾರಲೇ ಇಲ್ಲ. ಇನ್ನೇನು ಮುಗಿಯಿತು ಅನ್ನುವಾಗ ಐವತ್ತೆಂಟನೆಯದು 8.9, ಬಲಕ್ಕೆ, ದೂರ. ನನ್ನ ಎದೆ ಧಸಕ್ ಎಂದಿತು. ಕ್ರೀಪಾ? ಸೀಲಾ? ಅಡಾಪ್ಟರಾ?

ಹೊರಗೆ ಬಂದವಳ ಮುಖದಲ್ಲಿ ನಗು. ‘ಆ ಎಂಟು ಪಾಯಿಂಟ್ ಒಂಬತ್ತು ನೋಡ್ದೇನೋ? ಟ್ರಿಗರ್ ಎಳೆದುಬಿಟ್ಟೆ’ ಅಂದಳು, ಏನೋ ಬಹುಮಾನ ಬಂದವರ ಹಾಗೆ. ‘ಅದು ಮಾತ್ರ ನನ್ದೇ.’